ರೇನ್‌ಕೋಟ್ ತಳದಲ್ಲಿದ್ದರೆ ಏನು ಪ್ರಯೋಜನ? ದೂರದ ಬೈಕ್ ಪ್ರಯಾಣಕ್ಕೆ ಸಾಮಾನು ಕಟ್ಟುವ ಬಗೆ

ಜೂನ್ ತಿಂಗಳ ಒಂದು ನಸುಕಿನಲ್ಲಿ ವಿಜಯಪುರ ಬಿಟ್ಟು ಗೋವಾ ಕಡೆ ಹೊರಟಿದ್ದೆ. ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ ಮುಟ್ಟುವವರೆಗೂ ಬರೀ ಬಿಸಿಲು, ಧೂಳು. ಜಾಂಬೋಟಿ ದಾಟಿದ್ದೇ ತಡ, ಮಳೆ ಹಿಡಿಯಿತು. ರೇನ್‌ಕೋಟ್ ಇತ್ತು. ಎಲ್ಲಿತ್ತು ಅಂದರೆ ಬ್ಯಾಗಿನ ತಳದಲ್ಲಿ, ಬಟ್ಟೆಗಳ ಕೆಳಗೆ! ಅದನ್ನು ತೆಗೆಯೋಕೆ ಬ್ಯಾಗ್ ಬಿಚ್ಚಿದೆ, ಒಣ ಬಟ್ಟೆಯೆಲ್ಲ ತೊಯ್ದು ತಪ್ಪಡಿಯಾಯಿತು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ನೋಡಬೇಕು ಅಂದುಕೊಂಡಿದ್ದೆ. ಆ ಚಳಿಯಲ್ಲಿ ನೋಡುವ ಉಮೇದು ಎಲ್ಲಿಂದ ಬರಬೇಕು?

ನಮ್ಮ ಕಡೆಯವರಿಗೆ ಇದೇ ಪೇಚು. ಬೆಳಿಗ್ಗೆ ಬಯಲುಸೀಮೆ, ಮಧ್ಯಾಹ್ನ ಘಟ್ಟ. ಒಂದೇ ದಿನದಲ್ಲಿ ಎರಡು ಹವಾಮಾನ. ಹಾಗಾಗಿ ಏನೇನು ಒಯ್ಯಬೇಕು ಅನ್ನುವುದಕ್ಕಿಂತ, ಯಾವುದು ಎಲ್ಲಿರಬೇಕು ಅನ್ನುವುದನ್ನು ಮೊದಲು ಯೋಚಿಸಿ.

ಮೈಮೇಲಿನದು ಮೊದಲು

ದುಡ್ಡು ಇದ್ದಷ್ಟೂ ಹೆಲ್ಮೆಟ್, ಜಾಕೆಟ್, ಬೂಟಿಗೆ ಹಾಕಿ. ಉಳಿದರೆ ಬ್ಯಾಗ್. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದಿರಲಿ, ಐಎಸ್ಐ ಗುರುತು ಇರಲೇಬೇಕು. ಅಂಗಡಿಯಲ್ಲೇ ಹಾಕಿಕೊಂಡು ಬೆಲ್ಟ್ ಬಿಗಿದು ತಲೆ ಅಲ್ಲಾಡಿಸಿ. ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಅಲ್ಲಾಡಿದರೆ ಅಳತೆ ಸರಿ. ಹತ್ತು ನಿಮಿಷ ಹಾಗೇ ನಿಲ್ಲಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹಣೆಯ ಮೇಲೆ ಒಂದೇ ಕಡೆ ಒತ್ತಿ ನೋಯುತ್ತಿದ್ದರೆ ಆ ಹೆಲ್ಮೆಟ್ ನಿಮ್ಮ ತಲೆಯ ಆಕಾರಕ್ಕೆ ಆಗಿಬರುವುದಿಲ್ಲ. ಇಡೀ ದಿನದ ಓಟದಲ್ಲಿ ಅದೇ ತಲೆನೋವಾಗುತ್ತೆ.

ಜಾಕೆಟ್ ಜಾಲರಿ ಬಟ್ಟೆಯದ್ದಿರಲಿ, ಗಾಳಿ ಆಡುತ್ತೆ. ಭುಜ, ಮೊಣಕೈ, ಬೆನ್ನಿನ ರಕ್ಷಣಾ ಪಟ್ಟಿಗಳಿಗೆ ಸಿಇ (ಯುರೋಪಿನ ಸುರಕ್ಷತಾ ಗುರುತು) ಲೆವೆಲ್ 1, ಲೆವೆಲ್ 2 ಎಂಬ ದರ್ಜೆಗಳಿವೆ. ಲೆವೆಲ್ 2 ಪೆಟ್ಟನ್ನು ಜಾಸ್ತಿ ತಡೆಯುತ್ತೆ. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿಗೆ ಸುಮ್ನೆ ಒಂದು ಸ್ಪಂಜಿನ ಹಾಳೆ ಇಟ್ಟಿರುತ್ತಾರೆ. ಕೈಹಾಕಿ ನೋಡಿ, ಹಾಗಿದ್ದರೆ ಬದಲಿಸಿ. ತೋಳು ಸಡಿಲವಿದ್ದರೆ ಬಿದ್ದಾಗ ಪಟ್ಟಿ ಪಕ್ಕಕ್ಕೆ ಸರಿಯುತ್ತೆ, ಆಗ ಅದು ಇದ್ದೂ ಇಲ್ಲದಂತೆ.

‘ಇಷ್ಟು ಬಿಸಿಲಲ್ಲಿ ಜಾಕೆಟ್ಟಾ?’ ಅಂತ ಕೇಳುವವರು ಇರುತ್ತಾರೆ. ಗಾಳಿ 40 ಡಿಗ್ರಿ ದಾಟಿದಾಗ ಅದು ಮೈಗಿಂತ ಬಿಸಿಯಾಗಿರುತ್ತೆ. ಬರಿಮೈಗೆ ಬಡಿದರೆ ಬೆವರನ್ನು ಸರಸರ ಒಣಗಿಸಿ ನೀರು ಹೀರುತ್ತೆ. ಹೊಲದಲ್ಲಿ ಕೆಲಸ ಮಾಡುವವರು ತುಂಬು ತೋಳಿನ ಅಂಗಿ ಹಾಕಿ ತಲೆಗೆ ಟವೆಲ್ ಸುತ್ತುವುದು ಸುಮ್ಮನೆ ಅಲ್ಲ, ಅಲ್ವಾ? ಒಳಗಿನ ಬನಿಯನ್ ಒದ್ದೆ ಮಾಡಿ, ಮೇಲೆ ಜಾಲರಿ ಜಾಕೆಟ್ ಹಾಕಿಕೊಂಡು ನೋಡಿ.

ಮಳೆಗೆ ಜಾಕೆಟ್ ಒಳಗೆ ಹಾಕುವ ಪದರ ಕೊಡುತ್ತಾರೆ. ನನಗೆ ಅದು ಸೇರುವುದಿಲ್ಲ. ಹಾಕಿಕೊಳ್ಳಲು ಮಳೆಯಲ್ಲೇ ಜಾಕೆಟ್ ಬಿಚ್ಚಬೇಕು, ಆಮೇಲೆ ಹೊರಗಿನ ಜಾಕೆಟ್ ನೀರು ಕುಡಿದು ಭಾರವಾಗುತ್ತೆ. ಎಲ್ಲದರ ಮೇಲೆ ಹಾಕುವ ಪ್ಯಾಂಟು-ಕೋಟೇ ವಾಸಿ. ಹಳದಿ ಬಣ್ಣದ್ದಾದರೆ ಹಿಂದಿನವರಿಗೆ ಕಾಣುತ್ತೀರಿ. ಕೈಗವಸು, ಹಿಮ್ಮಡಿ ಗಂಟು ಮುಚ್ಚುವ ಬೂಟು ಇರಲಿ. ಚಪ್ಪಲಿ ಬೇಡವೇ ಬೇಡ.

ಭಾರ ಎಲ್ಲಿಡಬೇಕು?

ಮೊದಲ ಸಲ ನಾನು ಹಿಂದಿನ ಸೀಟಿನ ಮೇಲೆ ಮೂರಂತಸ್ತು ಕಟ್ಟಿದ್ದೆ. ನೋಡಿದ ಮೆಕ್ಯಾನಿಕ್, ‘ಸರ್, ಇದು ಬೈಕ್ ಐತ್ರಿ, ಟಂಟಂ ಆಟೋ ಅಲ್ಲ’ ಅಂದ. ಅವನು ಹೇಳಿದ್ದೇ ಸರಿ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತೆ. ವೇಗದಲ್ಲಿ ಹ್ಯಾಂಡಲ್ ನಡುಗಲು ಶುರುವಾಗುತ್ತೆ.

ಆದ್ದರಿಂದ ಟೂಲ್ಸ್, ಬೀಗ, ಸ್ಪೇರ್ ಇಂಥ ಭಾರದ ಸಾಮಾನೆಲ್ಲ ಪಕ್ಕದ ಎರಡು ಬ್ಯಾಗ್‌ಗಳಲ್ಲಿ, ಕೆಳಗೆ, ಆದಷ್ಟು ಮುಂದೆ ಇರಲಿ. ಸೀಟಿನ ಮೇಲಿನ ಬ್ಯಾಗಿಗೆ ಬಟ್ಟೆ ಮಾತ್ರ. ಎರಡು ಬ್ಯಾಗ್‌ಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರೆ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಸೈಲೆನ್ಸರ್ ಕಡೆಯ ಬ್ಯಾಗ್ ಕೆಳಗೆ ಕೈ ಹಾಕುವಷ್ಟು ಜಾಗ ಬಿಡಿ. ಗುಂಡಿಯಲ್ಲಿ ಗಾಡಿ ಕುಸಿದಾಗ ಬ್ಯಾಗ್ ಇಳಿದು ತಾಗುತ್ತೆ, ಸುಡುತ್ತೆ. ಗಾಡಿ ಎಷ್ಟು ಭಾರ ಹೊರಬಹುದು ಎಂದು ಅದರ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ನೀವೂ ಸೇರಿದ್ದೀರಿ, ನೆನಪಿರಲಿ.

ಕಟ್ಟುವ ಕ್ರಮ

ಬ್ಯಾಗ್ ಜೊತೆ ಬರುವ ಮಳೆ ಕವರ್ ನಂಬಬೇಡಿ, ಗಾಳಿಗೆ ಹಾರುತ್ತೆ. ತಾಡಪತ್ರಿ ಮಾರುವ ಅಂಗಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಸಿಗುತ್ತೆ, ಅದರ ಚೀಲ ಮಾಡಿಸಿ ಬ್ಯಾಗಿನ ಒಳಗಿಡಿ. ಬಟ್ಟೆ ತುಂಬಿ, ಬಾಯಿ ಸುರುಳಿ ಸುತ್ತಿ ಕಟ್ಟಿದರೆ ಮುಗೀತು. ರಾತ್ರಿ ಬೇಕಾಗುವ ಬಟ್ಟೆ ತಳಕ್ಕೆ, ನಡುವೆ ಬೇಕಾಗುವುದು ಮೇಲಕ್ಕೆ. ರೇನ್‌ಕೋಟ್ ಯಾವ ಬ್ಯಾಗಿನೊಳಗೂ ಬೇಡ. ಹೊರಗೆ, ಎಲ್ಲದರ ಮೇಲೆ, ಅದಕ್ಕೇ ಒಂದು ಬೇರೆ ಪಟ್ಟಿ.

ಕೊಕ್ಕೆಯ ಇಲಾಸ್ಟಿಕ್ ಹಗ್ಗ ಅಗ್ಗ ನಿಜ, ಆದರೆ ಎಳೆಯುವಾಗ ಜಾರಿದರೆ ಕೊಕ್ಕೆ ನೇರ ಕಣ್ಣಿಗೆ. ಬಕಲ್ ಇರುವ ಅಗಲ ಪಟ್ಟಿ ತಗೊಳ್ಳಿ. ಬಿಗಿದ ಮೇಲೆ ಉಳಿದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಿ. ಜೋತಾಡುವ ಪಟ್ಟಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ಅಲ್ಲೇ ನಿಲ್ಲಬಹುದು.

ಸ್ಪೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪ್, ಟ್ಯೂಬ್ ಟೈರಾದರೆ ಒಂದು ಟ್ಯೂಬ್. ಫ್ಯೂಸ್, ಟೇಪು, ಚೈನಿಗೆ ಹಾಕುವ ಸ್ಪ್ರೇ. ಕ್ಲಚ್ ಕೇಬಲ್ ಇದ್ದರೆ ಹೊಸದೊಂದನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಟ್ಟುಬಿಡಿ.

ತಿನ್ನೋಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಮೀರಿಸುವುದು ಬೇರೆ ಇಲ್ಲ. ಬಹಳ ದಿನ ಕೆಡಲ್ಲ. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿರಲಿ, ಇಲ್ಲದಿದ್ದರೆ ಸಂಜೆಗೆ ಪುಡಿಯೇ ಗತಿ. ಅಮೀನಗಡದ ಕರದಂಟು ಜೇಬಿಗೆ. ನೀರು, ಓಆರ್‌ಎಸ್ ಪೊಟ್ಟಣ ಕೈಗೆ ಸಿಗುವಲ್ಲಿ.

ಹೊರಡುವ ಹಿಂದಿನ ವಾರ

ಎಲ್ಲ ಕಟ್ಟಿದ ಮೇಲೆ ಟೈರ್ ಗಾಳಿಯನ್ನು ಭಾರಕ್ಕೆ ಹೇಳಿದ ಮಟ್ಟಕ್ಕೆ ಏರಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದೆರಡು ಹಲ್ಲು ಬಿಗಿ ಮಾಡಿಸಿ. ಹೆಡ್‌ಲೈಟನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹಿಂಭಾಗ ಕುಸಿದರೆ ಬೆಳಕು ಮೇಲೆದ್ದು ಮರದ ತುದಿಗೆ ಬೀಳುತ್ತೆ. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಹಿಂದೆ ಲೈಟೇ ಇಲ್ಲದ ಜೋಡಿ ಟ್ರೇಲರ್‌ಗಳು ಹೋಗುತ್ತಿರುತ್ತವೆ. ನಿಮಗೆ ಬೆಳಕು ಬೇಕಾದ್ದು ರಸ್ತೆ ಮೇಲೆ. ಗೋಡೆ ಎದುರು ಗಾಡಿ ನಿಲ್ಲಿಸಿ ಸರಿಮಾಡಿ.

ಆಮೇಲೆ ಪೂರ್ತಿ ಸಾಮಾನಿನ ಸಮೇತ ಕೊಲ್ಹಾರದ ಕಡೆ ಒಂದು ಸುತ್ತು ಹೊಡೆಯಿರಿ. ಕೃಷ್ಣೆಯ ಹಿನ್ನೀರಿನ ಮೇಲಿನ ಆ ಉದ್ದನೆಯ ಸೇತುವೆಗೆ ಪಕ್ಕದಿಂದ ಗಾಳಿ ಬಡಿಯುತ್ತೆ. ಭಾರ ಎತ್ತರದಲ್ಲಿದ್ದರೆ ಗಾಡಿ ಅಲ್ಲೇ ಹೇಳಿಬಿಡುತ್ತೆ. ಸೇತುವೆಯ ಆಚೆ ಬದಿಯ ಕೊರ್ತಿಯಲ್ಲಿ ತಿರುಗಿ, ಕೊಲ್ಹಾರದಲ್ಲಿ ನಿಂತು ಪಟ್ಟಿಗಳನ್ನು ಮುಟ್ಟಿ ನೋಡಿ. ಸಡಿಲಾದ್ದನ್ನು ಬಿಗಿಯಿರಿ, ಅಲುಗಾಡಿದ್ದನ್ನು ಕೆಳಗಿಳಿಸಿ. ಊರಿನ ಮೊಸರು ಹೆಸರುವಾಸಿ. ಗಡಿಗೆ ಸಮೇತ ಮನೆಗೆ ಒಯ್ಯುವ ಆಸೆ ಬೇಡ, ಅಲ್ಲೇ ತಿಂದು ಬನ್ನಿ.