ಶನಿವಾರದ ಬಾರ್ಬೆಕ್ಯೂ: ಟೆಕ್ಸಾಸ್‌ನ ಲೆಕ್ಸಿಂಗ್ಟನ್ ಊರಿಗೆ ಹೋಗುವವರಿಗೆ

ಟೆಕ್ಸಾಸ್ ರಾಜ್ಯದ ಲೀ ಕೌಂಟಿಯಲ್ಲಿ ಲೆಕ್ಸಿಂಗ್ಟನ್ ಎಂಬ ಪುಟ್ಟ ಊರಿದೆ. ಅಲ್ಲಿ 2003ರಲ್ಲಿ ಕೆರ್ರಿ ಬೆಕ್ಸ್‌ಲಿ ಅವರು ಆರಂಭಿಸಿದ ಸ್ನೋಸ್ ಬಾರ್ಬೆಕ್ಯೂ ಎಂಬ, ಸೌದೆಯ ಹೊಗೆ ಮತ್ತು ಕೆಂಡದಲ್ಲಿ ಬೇಯಿಸಿದ ಮಾಂಸದ ಊಟದಂಗಡಿ ವಾರಕ್ಕೆ ಒಂದೇ ದಿನ, ಶನಿವಾರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಮಾಂಸ ಮುಗಿದಾಗ ಮುಚ್ಚುತ್ತದೆ. ಹೊರಗಿನವರಿಗೆ ವಿಚಿತ್ರವೆನಿಸುವ ಈ ವೇಳೆಗೆ ಊರಿನಲ್ಲೇ ಕಾರಣವಿದೆ. ಲೆಕ್ಸಿಂಗ್ಟನ್‌ನ ಜಾನುವಾರು ಹರಾಜು ನಡೆಯುವುದು ಶನಿವಾರ. ದನ ಮಾರಲು ಮತ್ತು ಕೊಳ್ಳಲು ಬರುವ ರೈತರಿಗೆ ಅಂದು ಬೆಳಿಗ್ಗೆಯೇ ಗಟ್ಟಿ ಊಟ ಬೇಕು. ಟೆಕ್ಸಾಸ್ ಮಂತ್ಲಿ ಪತ್ರಿಕೆಯು 2008ರಲ್ಲಿ ಇದನ್ನು ರಾಜ್ಯದಲ್ಲೇ ಮೊದಲ ಸ್ಥಾನಕ್ಕೆ ಏರಿಸಿ, 2017ರಲ್ಲಿ ಮತ್ತೆ ಅದೇ ಸ್ಥಾನ ಕೊಟ್ಟ ನಂತರ ದೂರದೂರದವರು ಬರತೊಡಗಿದರೂ ಈ ವೇಳಾಪಟ್ಟಿ ಬದಲಾಗಲಿಲ್ಲ. ಆದ್ದರಿಂದ ಹೋಗುವವರು ತಮ್ಮ ಅನುಕೂಲವನ್ನು ಬದಿಗಿಟ್ಟು, ಊರಿನ ಗಡಿಯಾರಕ್ಕೆ ಹೊಂದಿಕೊಳ್ಳಬೇಕು.

ಆಸ್ಟಿನ್‌ನಿಂದ ಕಾರಿನಲ್ಲಿ ಇಲ್ಲಿಗೆ ಸುಮಾರು ಒಂದು ಗಂಟೆಯ ದಾರಿ. ಎಂಟಕ್ಕೆ ಬಾಗಿಲು ತೆರೆಯುತ್ತದೆ ಎಂದು ಎಂಟಕ್ಕೇ ತಲುಪಿದರೆ ಮುಂದೆ ಉದ್ದನೆಯ ಸಾಲು ಇರುತ್ತದೆ. ಅನೇಕರು ಬೆಳಕು ಹರಿಯುವ ಮೊದಲೇ ಬಂದು ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹಬ್ಬಹರಿದಿನಗಳ ವಾರಾಂತ್ಯದಲ್ಲಿ ತೆರೆದಿರುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಕುಡಿಯುವ ನೀರು, ಬೇಸಿಗೆಯಾದರೆ ಟೋಪಿ, ಚಳಿಗಾಲವಾದರೆ ಸ್ವೆಟರ್ ಜೊತೆಗಿರಲಿ. ಒಬ್ಬರನ್ನು ಸಾಲಿನಲ್ಲಿ ನಿಲ್ಲಿಸಿ, ಬಾಗಿಲು ತೆರೆಯುವ ಹೊತ್ತಿಗೆ ಹತ್ತು ಮಂದಿ ಬಂದು ಸೇರಿಕೊಳ್ಳುವುದು ಮಾತ್ರ ಬೇಡ: ಮಾಂಸ ಸೀಮಿತವಾಗಿರುವ ಕಡೆ ಹಿಂದೆ ನಿಂತವರಿಗೆ ಅದು ನೇರ ನಷ್ಟ, ಮತ್ತು ಅಲ್ಲಿ ಯಾರೂ ಅದನ್ನು ಲಘುವಾಗಿ ಕಾಣುವುದಿಲ್ಲ.

ಕಾಯುವ ಸಮಯದಲ್ಲಿ ಪಿಟ್‌ಗಳನ್ನು, ಅಂದರೆ ಉಕ್ಕಿನ ದೊಡ್ಡ ಒಲೆಗಳನ್ನು, ನೋಡಬೇಕು. ಬಂದವರಿಗೆಲ್ಲ ಕಾಣುವಂತೆ ಅವು ಇಲ್ಲಿ ಸೂರಿನಡಿ ತೆರೆದ ಜಾಗದಲ್ಲೇ ಇವೆ, ಮತ್ತು ನನ್ನ ದೃಷ್ಟಿಯಲ್ಲಿ ಊಟದಷ್ಟೇ ಮುಖ್ಯವಾದ ಭಾಗ ಇದು. ಸೌದೆ ಪೋಸ್ಟ್ ಓಕ್ ಮರದ್ದು. ಗೋವಿನ ಎದೆಭಾಗದ ಮಾಂಸವಾದ ಬ್ರಿಸ್ಕೆಟ್ ಬೆಂಕಿಯಿಂದ ದೂರದಲ್ಲಿ, ಹೊಗೆ ಮತ್ತು ಕಾವಿನಲ್ಲಿ ಇಡೀ ರಾತ್ರಿ ನಿಧಾನವಾಗಿ ಬೇಯುತ್ತದೆ. ಹಂದಿಯ ಭುಜದ ದಪ್ಪ ತುಂಡುಗಳೂ ಕೋಳಿಯೂ ಕೆಂಡದ ಮೇಲೆಯೇ ಬೇಯುತ್ತವೆ. ಸೌದೆಯನ್ನು ಬೇರೆಡೆ ಉರಿಸಿ, ಕೆಂಡವನ್ನು ಸಲಿಕೆಯಲ್ಲಿ ಹೊತ್ತು ತಂದು ಪಿಟ್‌ನ ತಳದಲ್ಲಿ ಹರಡುತ್ತಾರೆ. ಈ ಒಲೆಗಳ ಮುಂದೆ ಹೆಸರಾದವರು 1935ರಲ್ಲಿ ಹುಟ್ಟಿದ ಟೂಟ್ಸಿ ಟೊಮಾನೆಟ್ಜ್. ಗಿಡ್ಡಿಂಗ್ಸ್ ಎಂಬ ನೆರೆಯ ಊರಿನ ಮಾಂಸದಂಗಡಿಯಲ್ಲಿ 1966ರಲ್ಲಿ ಈ ಕೆಲಸ ಆರಂಭಿಸಿದ ಅವರು, ವಾರದ ದಿನಗಳಲ್ಲಿ ಅಲ್ಲಿನ ಶಾಲೆಯ ನಿರ್ವಹಣಾ ಕೆಲಸ ಮಾಡುತ್ತಾ, ಶನಿವಾರ ನಡುರಾತ್ರಿ ಕಳೆದ ಹೊತ್ತಿಗೆ ಎದ್ದು ಇಲ್ಲಿಗೆ ಬರುತ್ತಿದ್ದರು. ಎಂಬತ್ತು ದಾಟಿದ ಮೇಲೂ ಸಲಿಕೆ ಕೆಳಗಿಡಲಿಲ್ಲ. ಪಿಟ್‌ನವರ ಜೊತೆ ಮಾತನಾಡಬಹುದು, ಫೋಟೊ ತೆಗೆಯಲು ಕೇಳಬಹುದು. ಆದರೆ ಕೆಂಡ ಹೊತ್ತು ಓಡಾಡುವವರ ದಾರಿಗೆ ಅಡ್ಡ ನಿಲ್ಲಬಾರದು. ಮಕ್ಕಳ ಕೈ ಹಿಡಿದೇ ಇರಬೇಕು.

ಕೌಂಟರ್ ತಲುಪಿದಾಗ ಏನು, ಎಷ್ಟು ಎಂಬುದು ತಲೆಯಲ್ಲಿ ಸಿದ್ಧವಿರಲಿ. ಮಾಂಸವನ್ನು ಪೌಂಡ್ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ. ಎಲ್ಲ ಬಗೆಯೂ ಸೇರಿ ತಲೆಗೆ ಅರ್ಧ ಪೌಂಡ್ ಇದ್ದರೆ ದೊಡ್ಡವರಿಗೆ ಧಾರಾಳವಾಗಿ ಸಾಕು. ಬ್ರಿಸ್ಕೆಟ್ ಕೇಳಿದರೆ ಕೊಬ್ಬಿರುವ ಭಾಗವೋ, ಕೊಬ್ಬು ಕಡಿಮೆಯ ಭಾಗವೋ ಎಂದು ಕೇಳುತ್ತಾರೆ. ಮೊದಲ ಸಲ ತಿನ್ನುವವರು ಕೊಬ್ಬಿನ ಭಾಗವನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಹೊಗೆಯ ರುಚಿ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಈ ಊರಿಗೆ ವಿಶೇಷವಾದದ್ದು ಹಂದಿಯ ಭುಜದ ತುಂಡು. ಕೊಡಗಿನ ಪಂದಿಕರಿ ತಿಂದು ಬೆಳೆದವರು ಮಸಾಲೆಯನ್ನು ನಿರೀಕ್ಷಿಸಬಾರದು. ಇಲ್ಲಿ ಉಪ್ಪು, ಮೆಣಸು, ಕೆಂಡದ ಮೇಲೆ ತೊಟ್ಟಿಕ್ಕಿದ ಕೊಬ್ಬಿನ ಹೊಗೆ, ಜೊತೆಗೆ ಬೇಯುವಾಗ ಸವರುವ ಹುಳಿ ನೀರು ಇಷ್ಟೇ ಕೆಲಸ ಮಾಡುತ್ತವೆ.

ಮಾಂಸದ ಅಂಚಿನಲ್ಲಿ ಕಾಣುವ ಗುಲಾಬಿ ಬಣ್ಣದ ಪಟ್ಟಿಯನ್ನು ನೋಡಿ ಬೆಂದಿಲ್ಲವೆಂದು ಹಿಂತಿರುಗಿಸಬೇಡಿ. ಸೌದೆಯ ಹೊಗೆಯಲ್ಲಿರುವ ಅನಿಲಗಳು ಮಾಂಸದ ಮಯೋಗ್ಲೋಬಿನ್ ಎಂಬ ಪ್ರೋಟೀನಿನೊಂದಿಗೆ ಸೇರಿ ಆ ಬಣ್ಣವನ್ನು ಉಳಿಸುತ್ತವೆ. ಊಟ ಬರುವುದು ಕಾಗದದ ಮೇಲೆ ಇಲ್ಲವೇ ಟ್ರೇಯಲ್ಲಿ. ಬಿಳಿ ಬ್ರೆಡ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಹಸಿ ಈರುಳ್ಳಿ ಜೊತೆಗಿರುತ್ತವೆ. ಜರ್ಮನಿ ಮತ್ತು ಚೆಕ್ ನಾಡುಗಳಿಂದ 19ನೆಯ ಶತಮಾನದಲ್ಲಿ ವಲಸೆ ಬಂದವರ, ಮಾಂಸವನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದ ಅಂಗಡಿಗಳಿಂದ ಮಧ್ಯ ಟೆಕ್ಸಾಸ್‌ನ ಈ ಪದ್ಧತಿಯ ಬಹುಭಾಗ ಬೆಳೆದು ಬಂದಿರುವುದರಿಂದ ತಟ್ಟೆಗಿಂತ ಕಾಗದಕ್ಕೇ ಇಲ್ಲಿ ಹೆಚ್ಚು ಬಳಕೆ. ಕೈಯಲ್ಲೇ ತಿನ್ನಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಸಾಸನ್ನು ಮೊದಲ ತುತ್ತಿಗೇ ಸುರಿಯದೆ, ಬರೀ ಮಾಂಸವನ್ನು ಸವಿದ ಮೇಲೆ ಬೇಕಾದರೆ ಹಾಕಿಕೊಳ್ಳುವುದು ಅಡುಗೆಯವರಿಗೆ ತೋರುವ ಮರ್ಯಾದೆ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಗೋಮಾಂಸ ತಿನ್ನದವರು ಕೋಳಿ ತೆಗೆದುಕೊಳ್ಳಬಹುದು. ಆದರೆ ಒಂದೇ ಹಲಗೆಯ ಮೇಲೆ ಒಂದೇ ಕತ್ತಿಯಲ್ಲಿ ಎಲ್ಲವನ್ನೂ ಕತ್ತರಿಸುವ ಪದ್ಧತಿ ಸಾಮಾನ್ಯವಾದ್ದರಿಂದ, ಬೇರೆ ಕತ್ತಿ ಬೇಕಿದ್ದರೆ ಮೊದಲೇ ವಿನಯದಿಂದ ಕೇಳಬೇಕು, ಆಗದು ಎಂದರೆ ಒಪ್ಪಿಕೊಳ್ಳಬೇಕು. ಸಾಸೇಜಿನಲ್ಲಿ ಯಾವ ಮಾಂಸ ಬೆರೆಸಿದ್ದಾರೆ ಎಂದೂ ವಿಚಾರಿಸಿ. ಶುದ್ಧ ಸಸ್ಯಾಹಾರಿಗಳಿಗೆ ಇದು ತಕ್ಕ ಜಾಗವಲ್ಲ. ಹುರುಳಿಯಂತೆ ಕಾಣುವ ಬೀನ್ಸ್ ಸಾರಿನಲ್ಲಿ ಹಂದಿಯ ಕೊಬ್ಬು ಇರುವುದು ಟೆಕ್ಸಾಸ್‌ನಲ್ಲಿ ಮಾಮೂಲು. ಆಲೂಗಡ್ಡೆ ಸಲಾಡಿನಲ್ಲಿ ಮೊಟ್ಟೆ ಇರಬಹುದು. ಅಂಥವರಿಗೆ ಮನೆಯಿಂದ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ, ಕಾರಿನ ಬಳಿ ತಿನ್ನಿಸಿದರೆ ಎಲ್ಲರಿಗೂ ನೆಮ್ಮದಿ.

ಊರಿನ ಬದುಕಿನಲ್ಲಿ ಇಂಥ ಅಂಗಡಿಗೆ ಎಂಥ ಜಾಗವಿದೆ ಎಂಬುದು ತಿಳಿಯಬೇಕಾದರೆ ಉದ್ದನೆಯ ಮೇಜುಗಳಲ್ಲಿ ಅಪರಿಚಿತರ ಪಕ್ಕವೇ ಕುಳಿತುಕೊಳ್ಳಿ. ಈ ವರ್ಷ ಮಳೆ ಹೇಗೆ, ಇಂದು ಕರುಗಳಿಗೆ ಏನು ಬೆಲೆ ಬಂತು ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ರಾಜಕೀಯದಿಂದ ಆರಂಭಿಸದಿರುವುದು ಜಾಣತನ. ಟೆಕ್ಸಾಸ್‌ನ ಗ್ರಾಮೀಣ ಕೌಂಟಿಗಳಲ್ಲಿ ಶಾಲಾ ಮಕ್ಕಳು ತಾವು ಸಾಕಿದ ಹಂದಿ, ಕುರಿ, ಹೋರಿಗಳನ್ನು ಪ್ರದರ್ಶಿಸುವ ವಾರ್ಷಿಕ ಮೇಳಗಳಿರುತ್ತವೆ. ಸ್ಥಳೀಯ ವ್ಯಾಪಾರಿಗಳು ಅಲ್ಲಿ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವುದು ವಾಡಿಕೆ, ಆ ಹಣ ಮಕ್ಕಳ ಕಾಲೇಜು ಖರ್ಚಿಗೆ ಸೇರುವುದೂ ಉಂಟು. ಸ್ವಯಂಸೇವಕ ಅಗ್ನಿಶಾಮಕ ದಳ, ಚರ್ಚು, ಶಾಲೆಯ ಬ್ಯಾಂಡ್ ಇವುಗಳ ನಿಧಿಗಾಗಿ ಬಾರ್ಬೆಕ್ಯೂ ಊಟದ ಪೊಟ್ಟಣ ಮಾರುವುದೂ ಇಂಥ ಊರುಗಳ ರೂಢಿಯೇ. ದಾರಿಯಲ್ಲಿ ಅಂಥ ಫಲಕ ಕಂಡರೆ ಒಂದು ಪೊಟ್ಟಣ ಕೊಳ್ಳಿ. ರುಚಿ ಹೆಚ್ಚುಕಡಿಮೆ ಇರಬಹುದು, ಹಣ ಮಾತ್ರ ಸರಿಯಾದ ಕಡೆ ಹೋಗುತ್ತದೆ.

ಬಿಲ್ಲಿಗೆ ಟೆಕ್ಸಾಸ್‌ನ ಮಾರಾಟ ತೆರಿಗೆ ಸೇರುತ್ತದೆ. ಅದು ಶೇಕಡಾ 8.25 ಮೀರುವುದಿಲ್ಲ. ಉಳಿದ ಮಾಂಸವನ್ನು ಕಟ್ಟಿಸಿಕೊಂಡು ಬರುವುದಾದರೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಕಾರಿನಲ್ಲಿರಲಿ. ಬೇಯಿಸಿದ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಬ್ರಿಸ್ಕೆಟ್ಟನ್ನು ಕತ್ತರಿಸದ ತುಂಡಾಗಿಯೇ ಕೇಳಿ ತಂದು, ಮನೆಯಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿ ಓವನ್‌ನಲ್ಲಿ ನಿಧಾನವಾಗಿ ಬಿಸಿ ಮಾಡಿ, ತಿನ್ನುವ ಮುನ್ನವಷ್ಟೇ ಎಳೆಗೆ ಅಡ್ಡವಾಗಿ ಕತ್ತರಿಸಿದರೆ ಅದು ಒಣಗುವುದಿಲ್ಲ.