ಲೆಪರ್ಡ್ ಗೆಕೊಗೆ ಯಾವ ಹುಳ ಹಾಕಬೇಕು? ನನ್ನ ಅನುಭವ

ಲೆಪರ್ಡ್ ಗೆಕೊ ಅನ್ನುವ ಹಲ್ಲಿ ಸಾಕಲು ಶುರು ಮಾಡಿದವರೆಲ್ಲ ಮೊದಲು ಕೇಳುವುದು ಯಾವ ಹುಳದಲ್ಲಿ ಪ್ರೋಟೀನ್ ಜಾಸ್ತಿ ಅಂತ. ನಾನಂತೂ ಆ ಲೆಕ್ಕ ನೋಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಯಾವ ಹುಳದಲ್ಲೂ ಪ್ರೋಟೀನ್‌ಗೆ ಬರ ಇಲ್ಲ. ಬರ ಇರುವುದು ಕ್ಯಾಲ್ಸಿಯಂಗೆ. ಹುಳಕ್ಕೆ ಮೂಳೆಯೇ ಇಲ್ಲ, ಇನ್ನು ಕ್ಯಾಲ್ಸಿಯಂ ಎಲ್ಲಿಂದ ಬರಬೇಕು ಅಲ್ವಾ? ಗೆಕೊ ಊಟದಲ್ಲಿ ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು. ಕ್ರಿಕೆಟ್ ಹುಳದಲ್ಲಿ ಇದು ಪೂರ್ತಿ ಉಲ್ಟಾ, ಫಾಸ್ಫರಸ್ಸೇ ಸುಮಾರು 7 ಪಟ್ಟು ಹೆಚ್ಚು. ಮೀಲ್‌ವರ್ಮ್ ಅನ್ನುವ ದುಂಬಿಯ ಮರಿಹುಳದಲ್ಲಿ ಇನ್ನೂ ಕಡೆ. ಬರೀ ಅದನ್ನೇ ಹಾಕುತ್ತಾ ಹೋದರೆ ಗೆಕೊದ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ.

ಹಾಗಾಗಿ ನನ್ನ ಆಯ್ಕೆಯೆಲ್ಲ ಕ್ಯಾಲ್ಸಿಯಂ ಸುತ್ತಲೇ ನಡೆಯುತ್ತದೆ. ದಿನದ ಊಟಕ್ಕೆ ಡುಬಿಯಾ ಜಿರಳೆ ಇಟ್ಟುಕೊಂಡಿದ್ದೇನೆ. ಇದು ದಕ್ಷಿಣ ಅಮೆರಿಕದ ಕಡೆಯ ಜಿರಳೆ. ನುಣುಪಾದ ಪ್ಲಾಸ್ಟಿಕ್ ಡಬ್ಬಿಯ ಗೋಡೆ ಹತ್ತಲು ಬರುವುದಿಲ್ಲ, ಕ್ರಿಕೆಟ್ ಹಾಗೆ ರಾತ್ರಿಯೆಲ್ಲ ಕಿರ್ ಅನ್ನುವುದಿಲ್ಲ, ವಾಸನೆಯೂ ಕಡಿಮೆ. ತಿನ್ನದೆ ಬಿಟ್ಟ ಕ್ರಿಕೆಟ್ ಮಲಗಿದ ಗೆಕೊವನ್ನೇ ಕಡಿಯುವುದುಂಟು. ಈ ಜಿರಳೆಯಿಂದ ಅಂಥ ತಾಪತ್ರಯ ಇಲ್ಲ. "ದುಡ್ಡು ಕೊಟ್ಟು ಜಿರಳೆ ತಂದು ಹಲ್ಲಿ ಸಾಕ್ತಾ ಇದ್ದೀಯಲ್ಲೋ" ಅಂತ ಅಮ್ಮ ಬೈಯುವುದು ಮಾತ್ರ ಇನ್ನೂ ನಿಂತಿಲ್ಲ.

ಹುಳ ಯಾವುದು ಅನ್ನುವಷ್ಟೇ ಮುಖ್ಯ, ಆ ಹುಳ ಏನು ತಿಂದಿದೆ ಅನ್ನುವುದು. ಗೆಕೊಗೆ ಹಾಕುವ ಒಂದೆರಡು ದಿನ ಮುಂಚೆ ಜಿರಳೆಗಳಿಗೆ ನುಗ್ಗೆಸೊಪ್ಪು, ಕ್ಯಾರೆಟ್ ತುರಿ ಕೊಡುತ್ತೇನೆ. ನುಗ್ಗೆಸೊಪ್ಪಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಪಾಲಕ್ ಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಕೊನೆಗೆ ಡಬ್ಬಿಗೆ ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿ ಅಲ್ಲಾಡಿಸಿ, ಹುಳಗಳನ್ನು ತಕ್ಷಣ ಗೆಕೊ ಮುಂದೆ ಬಿಡುತ್ತೇನೆ. ತಡ ಮಾಡಿದರೆ ಹುಳ ಓಡಾಡಿ, ಮೈ ಒರೆಸಿಕೊಂಡು ಪುಡಿಯೆಲ್ಲ ಉದುರಿಸಿಬಿಡುತ್ತದೆ.

ನನ್ನ ಅದೃಷ್ಟ ಅಂದರೆ ಶಿಡ್ಲಘಟ್ಟದ ಹತ್ತಿರ ಮಾವ ರೇಷ್ಮೆ ಬೆಳೆಯುತ್ತಾರೆ. ರೇಷ್ಮೆ ಹುಳ ಮೆತ್ತಗಿರುತ್ತದೆ, ಮೈಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ನೀರು, ಕೊಬ್ಬು ತೀರಾ ಕಮ್ಮಿ. ಬೇಸಿಗೆಯಲ್ಲಿ, ಗೆಕೊ ಪೊರೆ ಬಿಡುವ ಹೊತ್ತಲ್ಲಿ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಇದರಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಇದಕ್ಕೂ ಪುಡಿ ಬೇಕೇ ಬೇಕು. ನಾನು ತರುವುದು ಎರಡನೇ ಜ್ವರ (ಪೊರೆ ಕಳಚಲು ಸೊಪ್ಪು ಬಿಟ್ಟು ಕೂರುವುದಕ್ಕೆ ರೇಷ್ಮೆಯವರು ಹೇಳುವ ಮಾತು) ಎದ್ದು ಸೊಪ್ಪು ತಿನ್ನುತ್ತಿರುವ ಹುಳ. ಹಣ್ಣಾಗುವ, ಅಂದರೆ ಗೂಡು ಕಟ್ಟುವ ಹೊತ್ತಿನ ಹುಳ ಬೆರಳುದ್ದ ಇರುತ್ತದೆ, ಗೆಕೊ ಬಾಯಿಗೆ ಹಿಡಿಸುವುದಿಲ್ಲ. ಗೆಕೊದ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದಪ್ಪದ ಹುಳ ಹಾಕಬಾರದು ಅನ್ನುವುದು ಸಾಕುವವರ ಲೆಕ್ಕ. ಜ್ವರಕ್ಕೆ ಕೂತ ಹುಳವೂ ಬೇಡ. ಅದರ ಹೊಟ್ಟೆ ಖಾಲಿ, ಮೇಲೆ ಸುಣ್ಣದ ಪುಡಿ ಬೇರೆ ಉದುರಿಸಿರುತ್ತಾರೆ. ಹಿಂದೆ ಬಿದ್ದ ಸಣ್ಣ ಹುಳಗಳನ್ನು ಮಾವ ಸುಮ್ನೆ ಕೊಡುತ್ತೀನಿ ಅಂದರು. ಹಾಗೆ ಹಿಂದೆ ಬೀಳುವುದು ಎಷ್ಟೋ ಸಲ ಹಾಲು ರೋಗವೋ ಸಪ್ಪೆ ರೋಗವೋ ತಗುಲಿದ ಹುಳವೇ. ಅದಕ್ಕೆ ದುಡ್ಡು ಕೊಟ್ಟು ಚೆನ್ನಾಗಿರುವುದನ್ನೇ ತರುತ್ತೇನೆ. ತೋಟಕ್ಕೆ ಔಷಧಿ ಹೊಡೆದಿದ್ದಾರಾ ಅಂತ ಕೇಳುವ ಕೆಲಸವೇ ಇಲ್ಲ. ಔಷಧಿ ಬಿದ್ದ ಸೊಪ್ಪು ತಿಂದರೆ ರೇಷ್ಮೆ ಹುಳವೇ ಮೊದಲು ಸಾಯುತ್ತದೆ, ಮಾವನಿಗೆ ಆ ಎಚ್ಚರ ನನಗಿಂತ ಜಾಸ್ತಿ.

ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ತಾನಾಗಿಯೇ ಜಾಸ್ತಿ ಇರುವ ಹುಳ ಒಂದಿದೆ, ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳ. ಬೆಂಗಳೂರಲ್ಲಿ ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಡಬ್ಬಿಯಲ್ಲಿ ಮಿಜಿಗುಟ್ಟುವ ಚಪ್ಪಟೆ ಹುಳ ನೋಡಿ ಎಷ್ಟೋ ಜನ ಹೌಹಾರುತ್ತಾರೆ. ಇದರ ಚರ್ಮದಲ್ಲೇ ಕ್ಯಾಲ್ಸಿಯಂ ತುಂಬಿರುತ್ತದೆ. ಆದರೆ ಕಸದ ಡಬ್ಬಿಯಿಂದ ನೇರ ಎತ್ತಿ ಹಾಕಬೇಡಿ. ತಿಂದದ್ದರಲ್ಲಿರುವ ಕ್ಯಾಡ್ಮಿಯಂ ತರಹದ ಲೋಹ ಇದರ ಮೈಯಲ್ಲಿ ಸೇರಿಕೊಳ್ಳುತ್ತದೆ. ನಾನು ಬೇರೆ ಡಬ್ಬಿಯಲ್ಲಿ ತರಕಾರಿ ಸಿಪ್ಪೆ ಮಾತ್ರ ಹಾಕಿ ಬೆಳೆಸುತ್ತೇನೆ. ಚರ್ಮ ಗಟ್ಟಿ, ಕೆಲವು ಗೆಕೊಗಳು ಅಗಿಯದೆ ನುಂಗುತ್ತವೆ, ಆಗ ಕ್ಯಾಲ್ಸಿಯಂ ಇರುವ ಆ ಚರ್ಮ ಎಷ್ಟೋ ಸಲ ಅರಗದೆ ಹಾಗೇ ಹೊರಬರುತ್ತದೆ. ಹಾಕುವ ಮುಂಚೆ ಸೂಜಿಯಿಂದ ಚುಚ್ಚಿದರೂ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ.

ಮೀಲ್‌ವರ್ಮ್, ಸೂಪರ್‌ವರ್ಮ್ ಯಾವಾಗಲಾದರೂ ಒಮ್ಮೆ. ಜೇನು ಎರಿ ತಿನ್ನುವ ವ್ಯಾಕ್ಸ್‌ವರ್ಮ್ ಅಂತೂ ಗೆಕೊಗಳ ಮೈಸೂರು ಪಾಕ್. ಕಾಲು ಭಾಗ ಬರೀ ಕೊಬ್ಬು, ಒಮ್ಮೆ ರುಚಿ ಹತ್ತಿದರೆ ಬೇರೆ ಹುಳ ಮೂಸಿಯೂ ನೋಡುವುದಿಲ್ಲ. ಕಾಯಿಲೆಯಿಂದ ಸೊರಗಿದ ಗೆಕೊಗೆ ಮಾತ್ರ ಕೊಡುತ್ತೇನೆ.

ಹೊಲದ ಮಿಡತೆಗೆ ಔಷಧಿ ಹೊಡೆದಿರಬಹುದು, ಹಿಡಿದು ತರಬೇಡಿ. ಮಿಂಚುಹುಳವನ್ನಂತೂ ಹತ್ತಿರಕ್ಕೂ ತರಬೇಡಿ. ಅದರ ವಿಷಕ್ಕೆ ಸಾಕಿದ ಓತಿಕ್ಯಾತಗಳು ಸತ್ತಿದ್ದಿದೆ.

ಬೆಳೆದ ಗೆಕೊಗೆ ಎರಡು ಮೂರು ದಿನಕ್ಕೊಮ್ಮೆ ಊಟ ಸಾಕು. ಲೆಕ್ಕ ಸರಿ ಇದೆಯಾ ಅಂತ ತಿಳಿಯಲು ನಾನು ಬಾಲ ನೋಡುತ್ತೇನೆ, ಇವು ಕೊಬ್ಬು ಕೂಡಿಡುವುದು ಅಲ್ಲೇ. ಬಾಲ ಹೆಚ್ಚುಕಡಿಮೆ ಕುತ್ತಿಗೆಯಷ್ಟು ದಪ್ಪ ಇದ್ದರೆ ಸರಿ. ಅದಕ್ಕಿಂತ ತೀರಾ ಊದಿಕೊಂಡರೆ ಊಟ ಇನ್ನೊಂದು ದಿನ ಮುಂದಕ್ಕೆ ಹಾಕುತ್ತೇನೆ.