ಪಿಸಿ ಕೇಸ್‌ಗೆ ತುಕ್ಕು ಹಿಡಿದ ಲುಕ್ ಬೇಕಾ? ಕಲ್ಲುಪ್ಪು ಸಾಕು

ಕೇಸ್‌ಗೆ, ಅಂದರೆ ಕಂಪ್ಯೂಟರ್‌ನ ಹೊರಪೆಟ್ಟಿಗೆಗೆ, ಕಂದು ಬಣ್ಣ ಹೊಡೆದು ಒಂದು ದಿನ ಪೂರ್ತಿ ಒಣಗಿಸಿ. ನೀರು ಚಿಮುಕಿಸಿ, ಅಂಚು, ಮೂಲೆ, ಸ್ಕ್ರೂ ಸುತ್ತ ಕಲ್ಲುಪ್ಪು ಉದುರಿಸಿ. ನೀರು ಆರಿದ ಮೇಲೆ, ಹೊರಗೆ ಕಾಣಬೇಕಾದ ಬೇರೆ ಬಣ್ಣವನ್ನು ಅದರ ಮೇಲೆ ತೆಳುವಾಗಿ ಸ್ಪ್ರೇ ಮಾಡಿ. ಅದು ಒಣಗಿದಾಗ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಉಪ್ಪು ಕೂತ ಕಡೆ ಮೇಲಿನ ಬಣ್ಣ ಅಂಟಿರುವುದಿಲ್ಲ, ಹಾಗಾಗಿ ಉದುರಿ ಕೆಳಗಿನ ಕಂದು ಇಣುಕುತ್ತದೆ. ಹರಳುಗಳು ಒಂದೇ ಅಳತೆ ಇರಲ್ಲ ಅಲ್ವಾ, ಅದಕ್ಕೇ ನಿಜವಾಗಿ ಸವೆದ ಹಾಗೆ ಕಾಣುತ್ತದೆ. ಪುಡಿಯುಪ್ಪಿನಲ್ಲಿ ಸುಮ್ನೆ ಚುಕ್ಕಿ ಚುಕ್ಕಿ ಬರುತ್ತದೆ. ಮೇಲಿನ ಕೋಟ್ ದಪ್ಪ ಆದರೆ ಉಪ್ಪು ಒಳಗೇ ಸಿಕ್ಕಿಕೊಳ್ಳುತ್ತದೆ. ಮದರ್‌ಬೋರ್ಡ್, ಫ್ಯಾನ್ ಎಲ್ಲ ಮೊದಲೇ ಬಿಚ್ಚಿಡಿ. ಕೊನೆಗೆ ಚೆನ್ನಾಗಿ ತೊಳೆದು, ಒಣಗಿಸಿ, ಮ್ಯಾಟ್ ಕ್ಲಿಯರ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಲೇಪ) ಕೊಡಿ. ಸಂದಿಯಲ್ಲಿ ಉಪ್ಪು ಉಳಿದರೆ ಉಕ್ಕಿನ ಕೇಸ್‌ಗೆ ನಿಜವಾದ ತುಕ್ಕೇ ಹಿಡಿಯುತ್ತದೆ.